ಸುಮ್ಸುಮ್ನೆ ಬ್ರೇಕ್ ಹಾಕೋ ಕಾರು: ಯಾವುದನ್ನ ಆನ್ ಇಡ್ಬೇಕು, ಯಾವುದನ್ನ ಆಫ್ ಮಾಡ್ಬೇಕು, ಕೊಳ್ಳೋದಾದ್ರೆ ಯಾವುದನ್ನ ಕೊಳ್ಬೇಕು

ರೋಡು ಖಾಲಿ ಇತ್ತು. 100ರಲ್ಲಿ ಕ್ರೂಸ್ (ಸೆಟ್ ಮಾಡಿದ ಸ್ಪೀಡಲ್ಲಿ ಕಾರು ತಾನೇ ಹೋಗೋ ವ್ಯವಸ್ಥೆ) ಹಾಕಿ ಕಾಲು ಕೆಳಗಿಟ್ಕೊಂಡು ಆರಾಮಾಗಿ ಹೋಗ್ತಾ ಇದ್ದೆ, ಮುಂದೆ ಒಂದು ಮೇಲ್ಸೇತುವೆ, ಅದರ ನೆರಳು ರೋಡಿಗೆ ಅಡ್ಡ ಬಿದ್ದಿತ್ತು, ಅಷ್ಟೇ. ಕಾರು ದಬಕ್ ಅಂತ ಬ್ರೇಕ್ ಹಾಕ್ತು. ಪಕ್ಕದ ಸೀಟಲ್ಲಿದ್ದ ಫೋನು ಜಾರಿ ಕೆಳಗೆ ಹೋಯ್ತು, ಹಿಂದಿನ ಲಾರಿಯವನು ಹಾರ್ನ್ ಒತ್ತಿದ್ದು ಬಿಡ್ಲೇ ಇಲ್ಲ, ಹಿಂದೆ ಕೂತಿದ್ದ ಅಮ್ಮ "ಯಾಕೋ, ನಾಯಿ ಬಂತಾ?" ಅಂದ್ರು. ನಾಯಿನೂ ಬಂದಿರ್ಲಿಲ್ಲ ನರಿನೂ ಬಂದಿರ್ಲಿಲ್ಲ. ಎರಡು ಸೆಕೆಂಡ್ ಆದ್ಮೇಲೆ ಕಾರು ಏನೂ ಆಗದೇ ಇರೋ ಥರ ಮತ್ತೆ ಸ್ಪೀಡ್ ಎತ್ಕೊಂಡು ಹೊರಟೇಬಿಡ್ತು.

ಇದಕ್ಕೆ ಫ್ಯಾಂಟಮ್ ಬ್ರೇಕಿಂಗ್ ಅಂತಾರೆ, ದೆವ್ವದ ಬ್ರೇಕು ಅಂದ್ಕೊಳಿ. ಆವತ್ತಿಂದ ನಾನು ಇದರ ಬೆನ್ನು ಹತ್ತಿ ನನ್ನ ಕಾರಲ್ಲಿ, ಭಾವನ ಕಾರಲ್ಲಿ, ಟೆಸ್ಟ್ ಡ್ರೈವ್‌ಗೆ ಸಿಕ್ಕ ಇನ್ನೊಂದೆರಡು ಕಾರಲ್ಲಿ ಎಲ್ಲಾ ಸೆಟ್ಟಿಂಗ್ಸ್ ತಿರುವಿ ಹಾಕಿ ನೋಡಿದೀನಿ. ಕೊನೆಗೆ ಗೊತ್ತಾಗಿದ್ದು ಏನಂದ್ರೆ, ಎಷ್ಟು ಸೆನ್ಸರ್ ಇದೆ ಅಂತ ನೋಡಿ ಕಾರು ಆರಿಸ್ಕೊಳ್ಳೋದು ದಂಡ. ತಪ್ಪಾಗಿ ಬ್ರೇಕ್ ಹಾಕಿದಾಗ ಎಷ್ಟು ಜೋರಾಗಿ ಹಾಕುತ್ತೆ, ನಾವು ಎಷ್ಟು ಬೇಗ ಅದರ ಬಾಯಿ ಮುಚ್ಚಿಸ್ಬಹುದು, ಅದನ್ನ ನೋಡ್ಬೇಕು. ಯಾಕಂದ್ರೆ ತಪ್ಪು ಮಾಡದ ಸಿಸ್ಟಮ್ ಯಾವ ಕಂಪನಿ ಹತ್ರನೂ ಇಲ್ಲ.

ಮೊದಲು, ಬ್ರೇಕ್ ಹಾಕಿದ್ದು ಯಾರು?

ಎಲ್ಲರೂ ಇಲ್ಲೇ ಎಡವೋದು. "ಕಾರು ಬ್ರೇಕ್ ಹಾಕ್ತು" ಅಂತಾರೆ, ಆದ್ರೆ ಕಾರೊಳಗೆ ಬ್ರೇಕ್ ಹಾಕೋರು ಕನಿಷ್ಠ ಮೂರು ಜನ ಇದ್ದಾರೆ, ಒಬ್ಬೊಬ್ಬರ ಮದ್ದು ಬೇರೆ ಬೇರೆ.

ಒಂದು ಅಡಾಪ್ಟಿವ್ ಕ್ರೂಸ್, ಮುಂದಿನ ಗಾಡಿ ನೋಡ್ಕೊಂಡು ದೂರ ಕಾಪಾಡ್ಕೊಂಡು ಹೋಗೋದು. ಇನ್ನೊಂದು ಎಇಬಿ, ಅಂದ್ರೆ ಡಿಕ್ಕಿ ಆಗೇ ಆಗುತ್ತೆ ಅನ್ಸಿದಾಗ ತಾನೇ ಎಮರ್ಜೆನ್ಸಿ ಬ್ರೇಕ್ ಒತ್ತೋದು. ಮೂರನೇದು ಸ್ಪೀಡ್ ಲಿಮಿಟ್ ಅಸಿಸ್ಟ್, ಇದು ಕಳ್ಳ, ಎಷ್ಟೋ ಜನಕ್ಕೆ ಇದು ಆನ್ ಇದೆ ಅಂತಾನೇ ಗೊತ್ತಿರಲ್ಲ. ರೋಡ್ ಬದಿಯ ಬೋರ್ಡನ್ನೋ ಮ್ಯಾಪಲ್ಲಿರೋ ಲಿಮಿಟನ್ನೋ ಓದಿ ಕ್ರೂಸ್ ಸ್ಪೀಡನ್ನ ತಾನೇ ಇಳಿಸಿಬಿಡುತ್ತೆ. ಪಕ್ಕದ ಎಕ್ಸಿಟ್ ರೋಡಿಗೆ ಅಂತ ಹಾಕಿರೋ 60ರ ಬೋರ್ಡನ್ನ ನಮ್ಮ ರೋಡಿಂದು ಅಂದ್ಕೊಳ್ಳೋದು, ಲಾರಿ ಹಿಂದೆ ಅಂಟಿಸಿರೋ 80ರ ಸ್ಟಿಕ್ಕರನ್ನ ಬೋರ್ಡು ಅಂದ್ಕೊಳ್ಳೋದು, ಇದೆಲ್ಲ ಇದರ ಕೆಲ್ಸ.

ಗುರುತು ಹಿಡಿಯೋದು ಕಷ್ಟ ಏನಲ್ಲ. ಎಇಬಿ ಆಗಿದ್ರೆ ಸಾಮಾನ್ಯವಾಗಿ ಡ್ಯಾಶ್‌ಬೋರ್ಡಲ್ಲಿ ಕೆಂಪಗೆ ಏನೋ ಮಿಂಚುತ್ತೆ, ಟೀ ಟೀ ಅಂತ ಕೂಗುತ್ತೆ, ಸೀಟ್ ಬೆಲ್ಟು ಎಳೆದಂಗಾಗುತ್ತೆ, ಕ್ರೂಸ್ ಆನ್ ಇಲ್ಲದಿದ್ರೂ ಬರುತ್ತೆ. ಕ್ರೂಸಿಂದಾದ್ರೆ ಯಾವ ಸದ್ದೂ ಇಲ್ಲ, ಸುಮ್ನೆ ಸ್ಪೀಡ್ ಇಳಿಯುತ್ತೆ, ಮೀಟರ್ ಹತ್ರ ಒಂದು ಸಣ್ಣ ಕಾರಿನ ಚಿತ್ರ ಬಂದು ಮಾಯ ಆಗಿರುತ್ತೆ. ಸ್ಪೀಡ್ ಲಿಮಿಟ್ ಆಟ ಆಗಿದ್ರೆ ಸೆಟ್ ಮಾಡಿದ್ದ 100 ಹೋಗಿ ಅಲ್ಲಿ 60 ಕೂತಿರುತ್ತೆ. ನಂಗೆ ಆ ಸೇತುವೆ ಕೆಳಗೆ ಆಗಿದ್ದು ಕ್ರೂಸಿನ ಬ್ರೇಕು, ಡ್ಯಾಶಲ್ಲಿ ಒಂದು ಅಕ್ಷರನೂ ಬರ್ಲಿಲ್ಲ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದ್ರೆ ಜೋರು ಬೇರೆ. ಅಡಾಪ್ಟಿವ್ ಕ್ರೂಸ್‌ಗೆ ಹೈವೇ ಸ್ಪೀಡಲ್ಲಿ ಒಂದು ಮಿತಿ ಇಟ್ಟಿರ್ತಾರೆ, ಹೆಚ್ಚಂದ್ರೆ ಸೆಕೆಂಡಿಗೆ 3.5 ಮೀಟರ್/ಸೆಕೆಂಡ್ ಆಸುಪಾಸಲ್ಲಿ ಸ್ಪೀಡ್ ಕಮ್ಮಿ ಮಾಡುತ್ತೆ. ಲೆಕ್ಕ ಹಾಕಿದ್ರೆ 100ರಲ್ಲಿ ಹೋಗೋ ಕಾರು ಎರಡು ಸೆಕೆಂಡಲ್ಲಿ 75ಕ್ಕೆ ಇಳಿಯುತ್ತೆ. ಎಇಬಿ ಒಣ ರೋಡಲ್ಲಿ ಪೂರ್ತಿ ಒತ್ತಿದ್ರೆ 9 ಮುಟ್ಟಬಹುದು, ಅದೇ ಎರಡು ಸೆಕೆಂಡಲ್ಲಿ ಕಾರು 35ಕ್ಕೆ ಬಂದಿರುತ್ತೆ. ಹಿಂದಿನವನಿಗೆ ನಮ್ಮ ಬ್ರೇಕ್ ಲೈಟ್ ಕಂಡು ಕಾಲು ಪೆಡಲಿಗೆ ಹೋಗೋಕೇ ಒಂದೂವರೆ ಸೆಕೆಂಡ್ ಹಿಡಿದ್ರೆ ಅಷ್ಟರಲ್ಲಿ ಅವನು 40 ಮೀಟರ್ ಬಂದಿರ್ತಾನೆ. ಮೊದಲನೇದು ಹಾರ್ನ್ ಬೈಗುಳದಲ್ಲಿ ಮುಗಿಯುತ್ತೆ, ಎರಡನೇದು ಡಿಕ್ಕಿನಲ್ಲಿ ಮುಗಿಯೋ ಚಾನ್ಸ್ ಇದೆ. ಪುಣ್ಯಕ್ಕೆ ಎರಡನೇದು ತುಂಬಾ ಅಪರೂಪ.

ರೇಡಾರಾ, ಕ್ಯಾಮೆರಾನಾ, ಎರಡೂ ಇರೋದಾ?

ಕೊಳ್ಳೋಕೆ ಹೋದವ್ರು ಮೊದಲು ಕೇಳೋದೇ ಇದು, ಆದ್ರೆ ಜನ ಅಂದ್ಕೊಂಡಷ್ಟು ಸುಲಭದ ಉತ್ತರ ಇಲ್ಲ.

ರೇಡಾರ್ (ಈಗಿನ ಕಾರುಗಳಲ್ಲಿ ಹೆಚ್ಚಾಗಿ 77 ಗಿಗಾಹರ್ಟ್ಸ್‌ದು, ಮುಂದಿನ ಬಂಪರ್ ಒಳಗೋ ಲೋಗೋ ಹಿಂದೆನೋ ಕೂತಿರುತ್ತೆ) ದೂರ ಮತ್ತೆ ವೇಗ ಅಳೆಯೋದ್ರಲ್ಲಿ ಪಂಟ. ಮಳೆ, ಮಂಜು, ಕತ್ತಲೆ ಯಾವುದಕ್ಕೂ ಅಷ್ಟಾಗಿ ಕ್ಯಾರೇ ಅನ್ನಲ್ಲ. ಆದ್ರೆ ಎತ್ತರ ಗೊತ್ತಾಗಲ್ಲ, ಅದ್ರಲ್ಲೂ ಹಳೇ ಮಾದರಿದಕ್ಕೆ. 150 ಮೀಟರ್ ಮುಂದೆ ರೋಡಲ್ಲಿ ನಿಂತಿರೋ ಕಾರು, 150 ಮೀಟರ್ ಮುಂದೆ ರೋಡಿನ ಮೇಲಿರೋ ಕಬ್ಬಿಣದ ಬೋರ್ಡ್ ಕಮಾನು, ಎರಡೂ ಅದಕ್ಕೆ ಒಂದೇ ಥರ, ಎರಡೂ ನಮ್ಮದೇ ಸ್ಪೀಡಲ್ಲಿ ನಮ್ಮ ಕಡೆ ಬರ್ತಾ ಇವೆ ಅನ್ನಿಸುತ್ತೆ. ಎಲ್ಲದಕ್ಕೂ ಬ್ರೇಕ್ ಹಾಕಿದ್ರೆ ಹತ್ತು ಕಿಲೋಮೀಟರ್ ಹೋಗೋಕಾಗಲ್ಲ, ಅದಕ್ಕೇ ಹಳೇ ಸಿಸ್ಟಮ್‌ಗಳು ಅಲ್ಲಾಡದೇ ನಿಂತಿರೋದನ್ನ ಹೆಚ್ಚುಕಮ್ಮಿ ಲೆಕ್ಕಕ್ಕೇ ತಗೊಳ್ತಿರ್ಲಿಲ್ಲ. ಅದರ ಇನ್ನೊಂದು ಮುಖ ಏನಂದ್ರೆ, ನಿಜವಾಗ್ಲೂ ಕೆಟ್ಟು ನಿಂತಿರೋ ಗಾಡಿಗೂ ನಿಲ್ಲಲ್ಲ. ಈ ತಕ್ಕಡಿನ ಯಾವ ಕಡೆ ಬಗ್ಗಿಸ್ಬೇಕು ಅಂತ ಕಂಪನಿಯವ್ರು ತೂಗ್ತಾನೇ ಇರ್ತಾರೆ, ನಮಗೆ ಕಾಣೋ ದೆವ್ವದ ಬ್ರೇಕು ಬಹುಪಾಲು ಆ ತೂಗಾಟದ ಫಲ. ರೋಡ್ ಮೇಲೆ ಹಾಸಿರೋ ಕಬ್ಬಿಣದ ಪ್ಲೇಟು, ತಿರುವಿನಲ್ಲಿ ಎದುರಿಗೆ ಬಂದಂಗೆ ಕಾಣೋ ಲೋಹದ ತಡೆ, ಸುರಂಗ, ಇವೆಲ್ಲ ರೇಡಾರ್ ಶತ್ರುಗಳು.

ಕ್ಯಾಮೆರಾಗೆ ಉಲ್ಟಾ ಕಥೆ. ಇದು ಕಾರು, ಇದು ಬೋರ್ಡು, ಇದು ಮನುಷ್ಯ ಅಂತ ಗುರುತು ಹಿಡಿಯೋದ್ರಲ್ಲಿ ಚುರುಕು, ಆದ್ರೆ ದೂರನ ಅಂದಾಜಲ್ಲಿ ಹೇಳುತ್ತೆ. ಎದುರು ಬಿಸಿಲು, ಸೇತುವೆ ನೆರಳು, ಬಿಸಿಲಿಗೆ ರೋಡು ನೀರಿನ ಥರ ಹೊಳೆಯೋದು, ಹೊಸ ಡಾಂಬರಿನ ಕಪ್ಪು ಪಟ್ಟಿ, ಇವುಗಳಲ್ಲಿ ಎಡವುತ್ತೆ. ಎರಡು ಕ್ಯಾಮೆರಾ ಪಕ್ಕಪಕ್ಕ ಇಟ್ಟು ನಮ್ಮ ಕಣ್ಣಿನ ಥರ ದೂರ ಅಳೆಯೋ ಸಿಸ್ಟಮ್ ಇದೆ, ಜಪಾನಿನ ಸುಬಾರು ಕಂಪನಿಯ ಐಸೈಟ್ ಅನ್ನೋ ಸಿಸ್ಟಮ್ ಅದೇ ಹಾದಿಯಲ್ಲಿ ಹೆಸರು ಮಾಡಿದ್ದು, ಒಂದು ಕಣ್ಣಿಗಿಂತ ಎರಡು ಕಣ್ಣು ವಾಸಿ ಅನ್ನೋದು ಇಲ್ಲೂ ನಿಜ.

ಹಂಗಾದ್ರೆ ಎರಡೂ ಇದ್ರೆ ಸಮಸ್ಯೆ ಮುಗೀತಲ್ಲ ಅಂತೀರಾ? ನಾನೂ ಹಂಗೇ ಅಂದ್ಕೊಂಡಿದ್ದೆ. ರೇಡಾರ್ "ಇದೆ" ಅಂದು ಕ್ಯಾಮೆರಾ "ಏನೂ ಇಲ್ಲ" ಅಂದ್ರೆ ಯಾರ ಮಾತು ಕೇಳ್ಬೇಕು ಅನ್ನೋದು ಸಾಫ್ಟ್‌ವೇರ್ ಕೈಲಿದೆ, ಮನೇಲಿ ಇಬ್ರು ಹಿರಿಯರಿದ್ದಂಗೆ. ಟೆಸ್ಲಾ ಇದೇ ಜಗಳ ಬೇಡ ಅಂತ 2021ರ ಮೇ ತಿಂಗಳಿಂದ ಉತ್ತರ ಅಮೆರಿಕದ ಮಾಡೆಲ್ 3 ಮತ್ತು ಮಾಡೆಲ್ ವೈ ಕಾರುಗಳಿಗೆ ರೇಡಾರ್ ಹಾಕೋದನ್ನೇ ನಿಲ್ಲಿಸ್ತು, ಬರೀ ಕ್ಯಾಮೆರಾ. 2022ರ ಫೆಬ್ರವರಿಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತನಿಖೆ ಶುರು ಮಾಡ್ತು, ಸುಮ್ಸುಮ್ನೆ ಬ್ರೇಕ್ ಬೀಳುತ್ತೆ ಅಂತ ಒಂಬತ್ತು ತಿಂಗಳಲ್ಲಿ 354 ದೂರು ಬಂದಿದ್ವು, ಸುಮಾರು 4.16 ಲಕ್ಷ ಕಾರುಗಳ ವಿಚಾರ. ಸರಿ, ರೇಡಾರ್ ತೆಗೆದಿದ್ದೇ ತಪ್ಪು ಅಂತ ತೀರ್ಪು ಕೊಡೋ ಮೊದಲು ಅದೇ ತಿಂಗಳ ಇನ್ನೊಂದು ಫೈಲ್ ನೋಡಿ: ಹೋಂಡಾ, 2018-19ರ ಅಕಾರ್ಡ್ ಮತ್ತು 2017-19ರ ಸಿಆರ್-ವಿ, 278 ದೂರು, ಸುಮಾರು 17 ಲಕ್ಷ ಕಾರು, ಕಾರಣವಿಲ್ಲದೇ ಎಇಬಿ ಬ್ರೇಕ್ ಹಾಕ್ತು ಅಂತ. ಆ ಕಾರುಗಳಲ್ಲಿ ರೇಡಾರೂ ಇತ್ತು ಕ್ಯಾಮೆರಾನೂ ಇತ್ತು! 2024ರ ಏಪ್ರಿಲಲ್ಲಿ ಆ ತನಿಖೆನ ಮುಂದಿನ ಹಂತಕ್ಕೆ ಏರಿಸಿದ್ರು, ಕಾರುಗಳ ಲೆಕ್ಕ 30 ಲಕ್ಷದ ಹತ್ರ ಹೋಯ್ತು. ಅದಕ್ಕೂ ಹಿಂದೆ 2019ರಲ್ಲೇ ನಿಸ್ಸಾನ್ ರೋಗ್ ಕಾರಿನ ಮೇಲೆ ಇಂಥದ್ದೇ ತನಿಖೆ ಶುರುವಾಗಿತ್ತು. ಅಂದ್ರೆ ಸೆನ್ಸರ್ ಪಟ್ಟಿ ನೋಡಿ "ಇದು ಸೇಫ್" ಅಂತ ಹೇಳೋಕಾಗಲ್ಲ.

ಲೈಡಾರ್ ಬಗ್ಗೆ ಜಾಸ್ತಿ ಹೇಳಲ್ಲ. ಬೆಳಕಿಂದ ಅಳತೆ ಮಾಡುತ್ತೆ, ಎತ್ತರ ದೂರ ಆಕಾರ ಎಲ್ಲಾ ಸಿಗುತ್ತೆ, ಆದ್ರೆ ದಟ್ಟ ಮಂಜು, ಲಾರಿ ಚಕ್ರದಿಂದ ಏಳೋ ನೀರಿನ ಸಿಂಚನಕ್ಕೆ ಗಲಿಬಿಲಿ ಆಗುತ್ತೆ, ದುಬಾರಿ, ಇರೋ ಕಾರುಗಳೂ ಕಮ್ಮಿ. ಅದಕ್ಕಿಂತ ಈಗ ಬರ್ತಿರೋ ಎತ್ತರ ಅಳೆಯೋ ಹೊಸ ರೇಡಾರ್‌ಗಳು (ಫೋರ್ ಡಿ ಇಮೇಜಿಂಗ್ ಅಂತ ಕರೀತಾರೆ) ನಮ್ಮಂಥೋರಿಗೆ ಹೆಚ್ಚು ಉಪಯೋಗ, ಸೇತುವೆ ಮೇಲಿದೆ ಗಾಡಿ ಕೆಳಗಿದೆ ಅಂತ ಅದಕ್ಕೆ ಗೊತ್ತಾಗುತ್ತೆ.

ನನ್ನನ್ನ ಕೇಳಿದ್ರೆ ರೇಡಾರ್, ಕ್ಯಾಮೆರಾ ಎರಡೂ ಇರೋದನ್ನೇ ತಗೊಳಿ, ಅದ್ರಲ್ಲೂ ಆ ಮಾದರಿ ಮಾರ್ಕೆಟ್‌ಗೆ ಬಂದು ಒಂದೆರಡು ವರ್ಷ ಆಗಿ ಒಂದೆರಡು ಸಾಫ್ಟ್‌ವೇರ್ ಅಪ್ಡೇಟ್ ಕಂಡಿರ್ಲಿ. ಮೊದಲ ಬ್ಯಾಚ್ ಕಾರು ತಗೊಂಡ್ರೆ ಟೆಸ್ಟ್ ಮಾಡೋ ಕೆಲ್ಸ ಸಂಬಳ ಇಲ್ದೇ ನಿಮ್ಮದು.

ಯಾವ ಕ್ರೂಸ್ ಯಾವ ರೋಡಿಗೆ

ಮಧ್ಯೆ ಡಿವೈಡರ್ ಇದ್ದು ಎರಡು ಮೂರು ಲೇನ್ ಇರೋ ಹೈವೇಲಿ ಅಡಾಪ್ಟಿವ್ ಕ್ರೂಸ್ ನಿಜಕ್ಕೂ ಚೆನ್ನಾಗಿ ಕೆಲ್ಸ ಮಾಡುತ್ತೆ, ತುಂಬಾ ದೂರ ಓಡಿಸೋರಿಗೆ ಕಾಲಿಗೆ ಆರಾಮ. ಅದೇ ಡಿವೈಡರ್ ಇಲ್ಲದ ಎರಡು ಲೇನ್ ರೋಡು, ಎದುರಿಂದ ಲಾರಿ ಬರ್ತಾ ಇರೋದು, ಮೇಲೆ ಸಣ್ಣ ತಿರುವು, ಅಲ್ಲಿ ತಿರುವಿನ ಆಚೆ ಇರೋ ಲಾರಿ ಒಂದು ಕ್ಷಣ ನೇರ ನಮ್ಮ ಮೂತಿ ಮುಂದೆನೇ ಇರುತ್ತೆ, ಯಾಕಂದ್ರೆ ಕಾರಿನ ಮೂತಿ ಇನ್ನೂ ಆ ಕಡೆ ತಿರುಗಿರಲ್ಲ. ನಮಗೆ ರೋಡು ತಿರುಗೋದು ಗೊತ್ತು, ಕಾರಿಗೆ ಅದು ಅಂದಾಜು. ಇಂಥ ರೋಡಲ್ಲಿ ನಾನು ಅಡಾಪ್ಟಿವ್ ಹಾಕೋದೇ ಬಿಟ್ಟಿದೀನಿ.

ಇಲ್ಲೇ ಹಳೇ ಕಾಲದ ಸಾದಾ ಕ್ರೂಸ್ ಬೆಲೆ ಗೊತ್ತಾಗೋದು. ಅದು ಮುಂದೆ ಏನಿದೆ ಅಂತ ನೋಡೋದೇ ಇಲ್ಲ, ಹಂಗಾಗಿ ದೆವ್ವಾನೂ ಕಾಣಲ್ಲ. ಖಾಲಿ ರೋಡಿಗೆ ಅದೇ ವಾಸಿ, ಟ್ರಾಫಿಕ್ ಇದ್ದಾಗ ಅದೇ ಅಪಾಯ, ಯಾಕಂದ್ರೆ ಮುಂದಿನ ಗಾಡಿ ನಿಂತ್ರೆ ಅದು ನಿಲ್ಲಲ್ಲ, ನೀವೇ ನಿಲ್ಲಿಸ್ಬೇಕು. ಕೆಲವು ಕಾರಲ್ಲಿ ಮುಂದಿನ ಗಾಡಿಗೆ ದೂರ ಎಷ್ಟು ಅಂತ ಸೆಟ್ ಮಾಡೋ ಬಟನ್ ಒತ್ತಿ ಹಿಡಿದ್ರೆ ಅಡಾಪ್ಟಿವ್ ಹೋಗಿ ಸಾದಾ ಬರುತ್ತೆ, ಕೆಲವದ್ರಲ್ಲಿ ಮೆನು ಒಳಗೆ ಹೋಗಿ ಬದಲಾಯಿಸ್ಬೇಕು, ಇನ್ನು ಕೆಲವದ್ರಲ್ಲಿ ಸಾದಾ ಅನ್ನೋದೇ ಇಲ್ಲ, ರೇಡಾರ್ ಮೇಲೆ ಕೆಸರು ಕೂತ್ರೆ ಕ್ರೂಸ್ ಪೂರ್ತಿ ಬಂದ್. ಭಾವಂಗೆ ಈ ಬಟನ್ ವಿಷ್ಯ ಕಾರು ತಗೊಂಡು ಒಂದೂವರೆ ವರ್ಷ ಆದ್ಮೇಲೆ ನಾನು ಹೇಳ್ದೆ, "ಹೌದೇನೋ, ಇಷ್ಟು ದಿನ ಆ ಬಟನ್ ಏನಕ್ಕೆ ಅಂತಾನೇ ನೋಡಿರ್ಲಿಲ್ಲ" ಅಂದ್ರು. ಆದ್ರೆ ಸಾದಾಕ್ಕೆ ಬದಲಾಯಿಸಿದ್ದು ಮರೆತುಬಿಟ್ರೆ ಕಥೆ ಮುಗೀತು, ಅಡಾಪ್ಟಿವ್ ಇದೆ ಅನ್ನೋ ನಂಬಿಕೆಲಿ ಕೂತಿರ್ತೀರಿ. ಮನೇಲಿ ಇಬ್ರು ಮೂವರು ಓಡಿಸೋ ಕಾರಾದ್ರೆ ಬೇಡ.

ಲೇನ್ ಮಧ್ಯೆ ಇಟ್ಕೊಂಡು ಹೋಗೋ ಫೀಚರ್, ಕೈ ಬಿಟ್ಟು ಓಡಿಸೋ ಫೀಚರ್ ಇವೆಲ್ಲ ಒಳಗೆ ಅದೇ ಅಡಾಪ್ಟಿವ್ ಕ್ರೂಸ್, ಬ್ರೇಕ್ ವಿಷ್ಯದಲ್ಲಿ ಹೊಸದೇನಿಲ್ಲ. ಒಂದೇ ವ್ಯತ್ಯಾಸ, ಅದನ್ನ ಹಾಕಿದಾಗ ನಾವು ಇನ್ನೂ ಸಡಿಲ ಆಗಿ ಕೂತಿರ್ತೀವಿ, ಕಾಲು ಪೆಡಲಿಂದ ದೂರ ಇರುತ್ತೆ.

ಸೆಟ್ಟಿಂಗ್ಸ್: ಇದು ಪುಕ್ಕಟೆ, ಮೊದಲು ಇದನ್ನ ಮಾಡಿ

ಸ್ಪೀಡ್ ಲಿಮಿಟ್ ನೋಡ್ಕೊಂಡು ಕ್ರೂಸ್ ಬದಲಾಯಿಸೋದನ್ನ ಆಫ್ ಮಾಡಿ. ಲಿಮಿಟ್ ತೋರಿಸ್ಲಿ, ಬೇಕಾದ್ರೆ ಬೀಪ್ ಮಾಡ್ಲಿ, ತಾನೇ ಬ್ರೇಕ್ ಹಾಕೋದು ಬೇಡ. ಅರ್ಧ ಜನರ ಕಾಟ ಇಲ್ಲೇ ಮುಗಿಯುತ್ತೆ ಅಂತ ನನ್ನ ಅನುಮಾನ.

ಮುಂದಿನ ಗಾಡಿಗೆ ಎಷ್ಟು ದೂರ ಇಡ್ಬೇಕು ಅನ್ನೋದ್ರಲ್ಲಿ ಎರಡು ಪಂಗಡ ಇದೆ. ಹತ್ತಿರ ಇಟ್ರೆ, ಅಂದ್ರೆ ಒಂದು ಸೆಕೆಂಡ್, 100ರಲ್ಲಿ 28 ಮೀಟರ್, ಮಧ್ಯೆ ಯಾರೂ ನುಗ್ಗಲ್ಲ ನಿಜ, ಆದ್ರೆ ಮುಂದಿನವನು ಸ್ವಲ್ಪ ಕಾಲೆತ್ತಿದ್ರೂ ನಮ್ಮ ಕಾರು ಗಾಬರಿ ಬೀಳುತ್ತೆ. ದೂರ ಇಟ್ರೆ, ಎರಡು ಸೆಕೆಂಡ್ ಅಂದ್ರೆ 56 ಮೀಟರ್, ಆ ಜಾಗಕ್ಕೆ ಒಬ್ಬರಾದ್ಮೇಲೆ ಒಬ್ಬರು ನುಗ್ತಾರೆ, ಪ್ರತಿ ಸಲ ಕಾರು ಹಿಂದೆ ಸರೀಬೇಕು, ಆದ್ರೆ ಮೆತ್ತಗೆ ಸರಿಯುತ್ತೆ. ನಾನು ಎರಡನೇ ಪಂಗಡ. ಹತ್ತು ಸಲ ಮೆತ್ತಗೆ ಇಳಿಯೋದು ಒಂದು ಸಲ ಕುಕ್ಕರಿಸೋದಕ್ಕಿಂತ ವಾಸಿ, ಮೆತ್ತಗೆ ಇಳಿದ್ರೆ ಹಿಂದಿನವನಿಗೂ ಸಮಯ ಸಿಗುತ್ತೆ.

ಡಿಕ್ಕಿ ಎಚ್ಚರಿಕೆಗೆ ಬೇಗ, ಮಧ್ಯಮ, ತಡ ಅಂತ ಆಯ್ಕೆ ಇದ್ರೆ ಮಧ್ಯಮದಲ್ಲಿ ಕಾಟ ಆದ್ರೆ ತಡಕ್ಕೆ ಹಾಕಿ, ಆದ್ರೆ ಕೆಲವು ಕಾರಲ್ಲಿ ಇದು ಬರೀ ಕೂಗಾಟಕ್ಕೆ ಸಂಬಂಧ ಪಟ್ಟಿದ್ದು, ಬ್ರೇಕ್ ಅಲ್ಲ.

ಇನ್ನು ಎಇಬಿನ ಆಫ್ ಮಾಡ್ಬೇಕಾ? ಬೇಡ. ಇಷ್ಟೆಲ್ಲ ಬೈದವನೇ ಹೇಳ್ತಿದೀನಿ, ಬೇಡ. ಅಮೆರಿಕದ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ ಲೆಕ್ಕದ ಪ್ರಕಾರ ಎಚ್ಚರಿಕೆ ಜೊತೆ ಎಇಬಿ ಇರೋ ಕಾರುಗಳು ಮುಂದಿನ ಗಾಡಿಗೆ ಗುದ್ದೋದು ಅರ್ಧಕ್ಕರ್ಧ ಕಮ್ಮಿ ಆಗಿದೆ. ಆಫ್ ಮಾಡಿದ್ರೂ ಎಷ್ಟೋ ಕಾರಲ್ಲಿ ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ತಾನೇ ಆನ್ ಆಗಿರುತ್ತೆ, ಯುರೋಪಲ್ಲಿ ನಿಯಮನೇ ಹಂಗಿದೆ, ಅಲ್ಲಿ 2024ರ ಜುಲೈಯಿಂದ ಹೊಸದಾಗಿ ನೋಂದಣಿ ಆಗೋ ಕಾರುಗಳಿಗೆಲ್ಲ ಎಇಬಿ ಕಡ್ಡಾಯ. ಅಮೆರಿಕದಲ್ಲಿ 2024ರ ಏಪ್ರಿಲಲ್ಲಿ ಮಾಡಿದ ನಿಯಮ 2029ರ ಸೆಪ್ಟೆಂಬರ್‌ಗೆ ಗಡುವು ಇಟ್ಟಿತ್ತು, ಅದರಲ್ಲಿ ನಂಗೆ ಇಷ್ಟ ಆಗಿದ್ದು ಏನಂದ್ರೆ ಬ್ರೇಕ್ ಹಾಕೋ ಪರೀಕ್ಷೆ ಜೊತೆ ಬ್ರೇಕ್ ಹಾಕ್ಬಾರದ ಪರೀಕ್ಷೆನೂ ಇದೆ: ರೋಡಿಗೆ ಹಾಸಿದ ಕಬ್ಬಿಣದ ಪ್ಲೇಟ್ ಮೇಲೆ ಹೋಗೋದು, ನಿಂತಿರೋ ಎರಡು ಕಾರುಗಳ ಮಧ್ಯೆ ಹಾದು ಹೋಗೋದು.

ಸರ್ವಿಸ್‌ಗೆ ಒಯ್ಯೋದಾ, ಅಪ್ಡೇಟ್ ಕಾಯೋದಾ

ನಾನು ಸರ್ವಿಸ್ ಸೆಂಟರ್‌ಗೆ ಹೋದಾಗ ಕಂಪ್ಯೂಟರ್ ಸಿಕ್ಕಿಸಿ ನೋಡಿ "ಸರ್, ಎರರ್ ಕೋಡ್ ಏನೂ ಇಲ್ಲ, ಕಾರು ಸರಿಯಾಗಿದೆ" ಅಂದ್ರು. ಆವತ್ತು ಮೈ ಉರಿದು ಹೋಯ್ತು, ಈಗ ಅರ್ಥ ಆಗಿದೆ. ಎರರ್ ಕೋಡ್ ಬರೋದು ಏನಾದ್ರೂ ಕೆಟ್ಟಾಗ. ಇಲ್ಲಿ ಏನೂ ಕೆಟ್ಟಿಲ್ಲ, ಕಾರು ತನಗೆ ಕಂಡಿದ್ದಕ್ಕೆ ಸರಿಯಾಗೇ ಬ್ರೇಕ್ ಹಾಕಿದೆ, ಕಂಡಿದ್ದೇ ಸುಳ್ಳು. ಹಂಗಾಗಿ ಬರಿಗೈಲಿ ಹೋಗ್ಬೇಡಿ. ಎಷ್ಟು ಹೊತ್ತಿಗೆ, ಎಷ್ಟು ಸ್ಪೀಡಲ್ಲಿ, ಬಿಸಿಲು ಎದುರಿಗಿತ್ತಾ, ಮುಂದೆ ಪಕ್ಕ ಯಾವ ಗಾಡಿ ಇತ್ತು, ಡ್ಯಾಶಲ್ಲಿ ಏನು ಬಂತು, ಯಾವ ಸಾಫ್ಟ್‌ವೇರ್ ವರ್ಷನ್, ಇಷ್ಟು ಬರ್ಕೊಂಡು, ಡ್ಯಾಶ್‌ಕ್ಯಾಮ್ ವಿಡಿಯೋ ಇದ್ರೆ ಅದನ್ನೂ ತಗೊಂಡು ಹೋಗಿ. ಒಂದೇ ಜಾಗದಲ್ಲಿ ಎರಡು ಮೂರು ಸಲ ಆಗಿದ್ರೆ ಸಾಫ್ಟ್‌ವೇರ್ ಅಥವಾ ಮ್ಯಾಪ್, ಅಪ್ಡೇಟ್‌ಗೆ ಕಾಯೋದು ಬಿಟ್ಟು ಸರ್ವಿಸಲ್ಲಿ ಮಾಡೋಕೆ ಜಾಸ್ತಿ ಏನಿಲ್ಲ. ಎಲ್ಲೆಂದ್ರಲ್ಲಿ ಆಗ್ತಿದ್ರೆ, ಮುಖ್ಯವಾಗಿ ಪಕ್ಕದ ಲೇನಿನ ಗಾಡಿಗೆಲ್ಲ ಬ್ರೇಕ್ ಬೀಳ್ತಿದ್ರೆ, ಸೆನ್ಸರ್ ಸೊಟ್ಟ ಆಗಿದೆ ಅಂತ ಅನುಮಾನ ಪಡಿ.

ಸೊಟ್ಟ ಅಂದ್ರೆ ಎಷ್ಟು? ಒಂದೇ ಒಂದು ಡಿಗ್ರಿ ಸಾಕು. 100 ಮೀಟರ್ ಮುಂದೆ ಅದು ಒಂದೂ ಮುಕ್ಕಾಲು ಮೀಟರ್ ಪಕ್ಕಕ್ಕೆ ಹೋಗುತ್ತೆ, ಅಂದ್ರೆ ಅರ್ಧ ಲೇನು, ಪಕ್ಕದ ಲಾರಿ ನಮ್ಮ ಲೇನಿಗೇ ಬಂದಂಗೆ. ಪಾರ್ಕಿಂಗಲ್ಲಿ ಯಾರೋ ಬಂಪರ್‌ಗೆ ತಾಗಿಸಿ ಹೋಗಿದ್ದು, ಬಂಪರ್ ಬಿಚ್ಚಿ ಹಾಕಿದ್ದು, ವಿಂಡ್‌ಶೀಲ್ಡ್ ಬದಲಾಯಿಸಿ ಕ್ಯಾಮೆರಾ ಕ್ಯಾಲಿಬ್ರೇಷನ್ (ಸರಿಯಾದ ಕಡೆ ನೋಡೋ ಥರ ಮತ್ತೆ ಹೊಂದಿಸೋದು) ಮಾಡದೇ ಬಿಟ್ಟಿದ್ದು, ರೇಡಾರ್ ಇರೋ ಜಾಗದ ಮೇಲೆ ದಪ್ಪ ಪೇಂಟ್ ಅಥವಾ ಸ್ಟಿಕ್ಕರ್, ಮುಂದೆ ಹಾಕಿಸಿರೋ ಕಬ್ಬಿಣದ ಗಾರ್ಡ್, ಇದ್ಯಾವುದಾದ್ರೂ ಆಗಿದ್ಯಾ ಅಂತ ನೆನಪು ಮಾಡ್ಕೊಳಿ. ಕ್ಯಾಲಿಬ್ರೇಷನ್ ಮಾಡಿಸಿದ್ರೆ ಸರಿಹೋಗುತ್ತೆ. ಸೆಕೆಂಡ್ ಹ್ಯಾಂಡ್ ಕಾರು ನೋಡೋರು ಇದನ್ನ ಕೇಳಲೇಬೇಕು, ಇಂಜಿನ್ ಶಬ್ದ ಕೇಳೋದಕ್ಕಿಂತ ಮೊದಲು.

ಟೆಸ್ಟ್ ಡ್ರೈವಲ್ಲೇ ನೋಡ್ಕೊಳ್ಳೋದು, ಮತ್ತೆ ಆ ಕ್ಷಣಕ್ಕೆ ಏನು ಮಾಡೋದು

ಶೋರೂಮ್ ಸುತ್ತ ಒಂದು ರೌಂಡ್ ಹೊಡೆದು ಬಂದ್ರೆ ಇದೆಲ್ಲ ಗೊತ್ತಾಗಲ್ಲ. ಹೈವೇಗೆ ತಗೊಂಡು ಹೋಗಿ, ಎದುರು ಬಿಸಿಲಿರೋ ಹೊತ್ತಲ್ಲಿ, ಸೇತುವೆ ಕೆಳಗೆ, ತಿರುವಿನಲ್ಲಿ ಲಾರಿ ಪಕ್ಕದಲ್ಲಿ ಹೋಗಿ ನೋಡಿ, ಹಿಂದೆ ಯಾರೂ ಇಲ್ಲದಾಗ. ಕ್ರೂಸ್ ಆಫ್ ಮಾಡೋ ಬಟನ್ ನೋಡದೇ ಬೆರಳಿಗೆ ಸಿಗುತ್ತಾ, ಇಲ್ಲಾ ಟಚ್ ಸ್ಕ್ರೀನಲ್ಲಿ ಮೂರು ಮೆನು ದಾಟ್ಬೇಕಾ? ಎರಡನೇದಾದ್ರೆ ನಾನಂತೂ ಆ ಕಾರು ಬೇಡ ಅಂತೀನಿ, ಉಳಿದಿದ್ದು ಎಷ್ಟೇ ಚೆನ್ನಾಗಿರ್ಲಿ.

ಬ್ರೇಕ್ ಬಿದ್ದ ಕ್ಷಣ ಎಲ್ಲರ ಕಾಲೂ ಹೋಗೋದು ಬ್ರೇಕ್ ಪೆಡಲಿಗೇ. ಮುಂದೆ ನಿಜವಾಗ್ಲೂ ಏನಾದ್ರೂ ಇದ್ರೆ ಸರಿ, ಖಾಲಿ ಇದ್ರೆ ಅದು ತಪ್ಪು, ಕ್ರೂಸೇನೋ ಆಫ್ ಆಗುತ್ತೆ ಆದ್ರೆ ಕಾರು ಇನ್ನೂ ನಿಧಾನ ಆಗುತ್ತೆ. ಕಣ್ಣಿಗೆ ರೋಡು ಖಾಲಿ ಅಂತ ಖಾತ್ರಿ ಇದ್ರೆ ಆಕ್ಸಿಲರೇಟರ್ ಒತ್ತಿ, ಕ್ರೂಸ್ ತಕ್ಷಣ ನಿಮ್ಮ ಮಾತು ಕೇಳುತ್ತೆ. ಆಮೇಲೆ ನಿಧಾನಕ್ಕೆ ಬಟನಿಂದ ಆಫ್ ಮಾಡಿ. ಇದಕ್ಕೆ ಕಾಲು ಆಕ್ಸಿಲರೇಟರ್ ಹತ್ರ ಇರ್ಬೇಕು, ಹತ್ರ ಅಷ್ಟೇ, ಮೇಲೆ ಭಾರ ಹಾಕಿ ಇಡ್ಬೇಡಿ, ಪೆಡಲ್ ಒತ್ತಿದ್ರೆ ಎಷ್ಟೋ ಕಾರಲ್ಲಿ ಕ್ರೂಸ್ ಬೇಕಾದಾಗಲೂ ಬ್ರೇಕ್ ಹಾಕಲ್ಲ. ನಾನೀಗ ಸೇತುವೆ, ಬೋರ್ಡ್ ಕಮಾನು ದೂರದಲ್ಲಿ ಕಂಡ ಕೂಡ್ಲೇ ಕಾಲು ಅಲ್ಲಿಗೆ ತಂದಿರ್ತೀನಿ, ಕನ್ನಡಿಲಿ ಹಿಂದೆ ಲಾರಿ ಅಂಟ್ಕೊಂಡಿದ್ರೆ ಕ್ರೂಸೇ ತೆಗೆದುಬಿಡ್ತೀನಿ.

ಎಇಬಿ ಬಿದ್ರೆ ಮಾತ್ರ ಮೆತ್ತಗೆ ಒತ್ತಿದ್ರೆ ಸಾಲಲ್ಲ, ಕೆಲವು ಕಾರಿಗೆ ಆಕ್ಸಿಲರೇಟರ್ ತಳಕ್ಕೆ ಒತ್ಬೇಕು, ಕೆಲವದಕ್ಕೆ ಸ್ಟೀರಿಂಗ್ ಗಟ್ಟಿಯಾಗಿ ತಿರುಗಿಸಿದ್ರೂ ಬಿಡುತ್ತೆ, ಕಾರಿಂದ ಕಾರಿಗೆ ಬೇರೆ. ಮಾನ್ಯುಯಲ್‌ನಲ್ಲಿ ಎಮರ್ಜೆನ್ಸಿ ಬ್ರೇಕ್ ಅಧ್ಯಾಯದಲ್ಲಿ ಅದನ್ನ ಹೇಗೆ ರದ್ದು ಮಾಡೋದು ಅಂತ ಒಂದೆರಡು ಸಾಲು ಇರುತ್ತೆ, ಹುಡುಕಿ ಓದಿ, ಫೋಟೋ ತೆಗೆದು ಆ ಕಾರು ಓಡಿಸೋ ಮನೆಯವ್ರಿಗೆಲ್ಲ ಕಳ್ಸಿ.